ಮಲೆನಾಡಿನ ಮನೆಗೆ ಜೋಡಿಗಾಜಿನ ಕಿಟಕಿ: ಆಯ್ಕೆ, ಅಳತೆ ಮತ್ತು ಖರ್ಚಿನ ಲೆಕ್ಕ

ಎರಡು ಗಾಜುಗಳ ನಡುವೆ ಒಣಗಾಳಿಯನ್ನು ಮುಚ್ಚಿಟ್ಟ ಕಿಟಕಿ ಬಳಕೆಗೆ ಬಂದದ್ದು ಚಳಿದೇಶಗಳಲ್ಲಿ, ಮನೆಯೊಳಗಿನ ಬಿಸಿ ಹೊರಗೆ ಸೋರಿಹೋಗದಿರಲಿ ಎಂಬ ಕಾರಣಕ್ಕೆ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಮನೆಗಳಲ್ಲಿ ಕಿಟಕಿ ಕೊಡುವ ಕಾಟವೇ ಬೇರೆ. ಆರಿದ್ರಾ ಮಳೆ ಹಿಡಿದ ಮೇಲೆ ಕದ ಉಬ್ಬಿ, ಹಾಕಿದ್ದನ್ನು ತೆಗೆಯಲು ಬರುವುದಿಲ್ಲ, ತೆಗೆದದ್ದನ್ನು ಹಾಕಲು ಬರುವುದಿಲ್ಲ. ಪಡುವಣ ಗಾಳಿಗೆ ಇರಚಲು ಒಳಗೆ ಹೊಡೆದು ಕಿಟಕಿಯ ಕೆಳಗಿನ ಗೋಡೆ ಪಾಚಿಯ ಬಣ್ಣಕ್ಕೆ ತಿರುಗುತ್ತದೆ. ಮಳೆಗಾಲ ಮುಗಿಯುವ ಹೊತ್ತಿಗೆ ಚೌಕಟ್ಟಿನ ಬುಡಕ್ಕೆ ಗೆದ್ದಲು ಹತ್ತಿರುತ್ತದೆ. ಶಿವಮೊಗ್ಗ ಪೇಟೆಯಲ್ಲಿ ಮಳೆ ಅಷ್ಟಿಲ್ಲ. ಅಲ್ಲಿಯ ತೊಂದರೆಯೆಂದರೆ ಬಿ.ಎಚ್. ರಸ್ತೆ, ಸಾಗರ ರಸ್ತೆಯಂಥ ಕಡೆಗಳ ಬಸ್ಸು ಲಾರಿಗಳ ಸದ್ದು ಮತ್ತು ಏಪ್ರಿಲ್ ತಿಂಗಳ ಸೆಕೆ. ಹಳೆಯ ಕಿಟಕಿಯನ್ನು ಬದಲಿಸಲು ಹೊರಟವರು ಮೊದಲು ನೀರಿಗೆ, ಆಮೇಲೆ ಸದ್ದಿಗೆ, ಕಟ್ಟಕಡೆಗೆ ಸೆಕೆಗೆ ಹಣ ಹಾಕಬೇಕೆಂಬುದು ನನ್ನ ಅನುಭವದ ಮಾತು. ಮಾರುವವರು ಸಾಮಾನ್ಯವಾಗಿ ಈ ಸರದಿಯನ್ನು ತಲೆಕೆಳಗು ಮಾಡಿ ಹೇಳುತ್ತಾರೆ.

ಮೊದಲು ಮಳೆಯಲ್ಲಿ ಮನೆಯ ಸುತ್ತ ಒಂದು ಸುತ್ತು

ಕಿಟಕಿಯ ಅಂಗಡಿಗೆ ಹೋಗುವ ಮೊದಲು ಒಂದು ನೋಟುಪುಸ್ತಕ ಹಿಡಿದು, ಜೋರು ಮಳೆ ಬರುತ್ತಿರುವಾಗಲೇ ಒಳಗಿನಿಂದಲೂ ಹೊರಗಿನಿಂದಲೂ ಪ್ರತಿಯೊಂದು ಕಿಟಕಿಯನ್ನು ನೋಡಿರಿ. ನೀರು ಎಲ್ಲಿಂದ ಬರುತ್ತಿದೆ ಎಂಬುದನ್ನು ಬೇಸಗೆಯಲ್ಲಿ ಕಲೆ ನೋಡಿ ಊಹಿಸುವುದಕ್ಕೂ ಮಳೆಯಲ್ಲಿ ಕಣ್ಣಾರೆ ಕಾಣುವುದಕ್ಕೂ ಬಹಳ ವ್ಯತ್ಯಾಸವಿದೆ. ಕದ ಮತ್ತು ಚೌಕಟ್ಟಿನ ಸಂದಿಯಿಂದ ಬರುವ ನೀರಿಗೆ ಹೊಸ ಕಿಟಕಿ ಪರಿಹಾರವಾದೀತು. ಚೌಕಟ್ಟು ಮತ್ತು ಗೋಡೆಯ ನಡುವಿನಿಂದ ಬರುವ ನೀರಿಗೆ ಗಾರೆ ಕೆಲಸ ಬೇಕು. ಮೇಲಿನ ಸಜ್ಜಾದ ಬಿರುಕಿನಿಂದ ಇಳಿದು ಚೌಕಟ್ಟಿನ ತಲೆಯ ಮೇಲೆ ತೊಟ್ಟಿಕ್ಕುವ ನೀರಿಗಾದರೆ ಕಿಟಕಿಯ ಮೇಲೆ ಎಷ್ಟು ಲಕ್ಷ ಸುರಿದರೂ ಪ್ರಯೋಜನವಿಲ್ಲ.

ಪ್ರತಿ ಕಿಟಕಿಗೂ ಒಂದು ಸಂಖ್ಯೆ ಕೊಟ್ಟು, ಅದು ಯಾವ ದಿಕ್ಕಿಗಿದೆ, ಸಜ್ಜಾ ಎಷ್ಟು ಮುಂದೆ ಚಾಚಿದೆ, ಇರಚಲು ಬಡಿಯುತ್ತದೆಯೇ, ರಸ್ತೆಯ ಸದ್ದು ಬರುತ್ತದೆಯೇ, ಮಧ್ಯಾಹ್ನದ ಬಿಸಿಲು ಬೀಳುತ್ತದೆಯೇ ಎಂದು ಬರೆದಿಡಿ. ನಮ್ಮಲ್ಲಿ ಪಶ್ಚಿಮ ಮತ್ತು ದಕ್ಷಿಣದ ಗೋಡೆಗಳು ಮಳೆಗಾಲದ ಏಟನ್ನು ತಿನ್ನುತ್ತವೆ. ಪೂರ್ವದ ಕಿಟಕಿ ಅದೇ ಮರದ್ದಾಗಿದ್ದರೂ ಅದೇ ಬಡಗಿ ಮಾಡಿದ್ದರೂ ಮೂವತ್ತು ವರ್ಷ ಸುಖವಾಗಿ ಇರುತ್ತದೆ. ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆ 7,000 ಮಿ.ಮೀ. ದಾಟುತ್ತದೆ. ಘಟ್ಟದ ಅಂಚಿಗೆ ಹತ್ತಿರವಾದಷ್ಟೂ ಕಿಟಕಿಯ ಬೆಲೆಗಿಂತ ಅದರ ಮೇಲಿನ ಮಾಡಿನ ಚಾಚು ಮುಖ್ಯವಾಗುತ್ತದೆ. ಹಿಂದಿನವರು ಮಳೆಗಾಲಕ್ಕೆ ಮೊದಲು ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದುದು ಗೋಡೆಯನ್ನೂ ಕಿಟಕಿಯನ್ನೂ ಒಟ್ಟಿಗೆ ಕಾಯುವ ಉಪಾಯವಾಗಿತ್ತು.

ಯಾವುದನ್ನು ಬದಲಿಸದೆ ಉಳಿಸಬಹುದು

ತೇಗ, ಹೊನ್ನೆ ಅಥವಾ ಹಲಸಿನ ಹಳೆಯ ಚೌಕಟ್ಟು ಗಟ್ಟಿಯಾಗಿದ್ದರೆ ಅದನ್ನು ಕಿತ್ತೊಗೆಯುವ ಅವಸರ ಬೇಡ. ಒಂದು ಸ್ಕ್ರೂಡ್ರೈವರಿನ ತುದಿಯನ್ನು ಚೌಕಟ್ಟಿನ ಕೆಳಗಿನ ಮೂಲೆಗಳಿಗೆ ಒತ್ತಿ ನೋಡಿರಿ. ಬೆಣ್ಣೆಗೆ ಇಳಿದಂತೆ ಇಳಿದರೆ ಆ ಮರ ಮುಗಿದಿದೆ. ತಡೆದರೆ ಇನ್ನೂ ಜೀವವಿದೆ.

ಮಳೆಗಾಲದಲ್ಲಿ ಕದ ಉಬ್ಬುವುದಕ್ಕೆ ಬಹುಪಾಲು ಮನೆಗಳಲ್ಲಿ ಒಂದು ಸಣ್ಣ ಕಾರಣವಿರುತ್ತದೆ. ಕದದ ಮೇಲಿನ ಮತ್ತು ಕೆಳಗಿನ ಅಂಚುಗಳಿಗೆ ಬಣ್ಣವನ್ನೇ ಬಳಿದಿರುವುದಿಲ್ಲ, ಏಕೆಂದರೆ ಆ ಅಂಚುಗಳು ಯಾರ ಕಣ್ಣಿಗೂ ಬೀಳುವುದಿಲ್ಲ. ಕೆಳಗಿನ ಅಂಚಿನ ಅಡಿಗೆ ಒಂದು ಪುಟ್ಟ ಕನ್ನಡಿ ಹಿಡಿದರೆ ಮರ ಬೆತ್ತಲೆಯಾಗಿರುವುದು ಕಾಣುತ್ತದೆ. ನಿಲುವುಪಟ್ಟಿಗಳ ಕೊಯ್ದ ತುದಿಗಳು ಅಲ್ಲೇ ಇರುವುದರಿಂದ ಮರ ನೀರು ಹೀರುವುದೂ ಅಲ್ಲಿಂದಲೇ. ಮಾರ್ಚ್ ತಿಂಗಳಲ್ಲಿ ಕದವನ್ನು ಕಳಚಿ, ಚೆನ್ನಾಗಿ ಒಣಗಿಸಿ, ನಾಲ್ಕೂ ಅಂಚಿಗೆ ಪ್ರೈಮರ್ ಮತ್ತು ಎರಡು ಕೈ ಎನಾಮಲ್ ಬಳಿದು, ಚೌಕಟ್ಟಿನ ಗಾಡಿಗೆ, ಅಂದರೆ ಕದ ಬಂದು ಕೂರುವ ಕೊರೆದ ಅಂಚಿಗೆ, ರಬ್ಬರ್ ಪಟ್ಟಿ ಅಂಟಿಸಿದರೆ ಹೊಸ ಕಿಟಕಿಯ ಖರ್ಚಿನ ಸಣ್ಣ ಪಾಲಿನಲ್ಲಿ ಕೆಲಸ ಮುಗಿಯುತ್ತದೆ. ಆಷಾಢದಲ್ಲಿ ಉಬ್ಬಿದ ಕದಕ್ಕೆ ಆಷಾಢದಲ್ಲಿಯೇ ಕೀಸುಳಿ ಹಾಕಿದರೆ ಬೇಸಗೆಯಲ್ಲಿ ಬೆರಳು ತೂರುವಷ್ಟು ಸಂದಿ ಬಿಡುತ್ತದೆ.

ಮಣ್ಣಿನ ಗೋಡೆಯ ಮನೆಗಳಲ್ಲಂತೂ ಹಳೆಯ ದಾರಂದವನ್ನು ಕೀಳುವುದು ಗೋಡೆಯನ್ನೇ ಕೆಣಕಿದಂತೆ. ಅಲ್ಲಿ ಚೌಕಟ್ಟನ್ನು ಉಳಿಸಿಕೊಂಡು ಕದಗಳನ್ನು ಮಾತ್ರ ಹೊಸದಾಗಿ ಮಾಡಿಸುವುದು ಜಾಣತನ. ಹಂಡೆ ಒಲೆ ಇರುವ ಬಚ್ಚಲುಮನೆಯ ಕಿಟಕಿಯನ್ನೂ ಪಟ್ಟಿಯಿಂದ ಹೊರಗಿಡಿ. ಪ್ಲಾಸ್ಟಿಕ್ ಚೌಕಟ್ಟು ಒಲೆಯ ಝಳಕ್ಕೆ ಮೆತ್ತಗಾಗಿ ಬಾಗಬಹುದು, ಅದರ ಬಿಳಿ ಬಣ್ಣ ಹೊಗೆಗೆ ಎರಡೇ ತಿಂಗಳಲ್ಲಿ ಕಪ್ಪಿಡುತ್ತದೆ.

ಚೌಕಟ್ಟಿನ ಆಯ್ಕೆ

ಬದಲಿಸಲೇಬೇಕಾದ ಕಿಟಕಿಗಳಿಗೆ ಇಂದು ಮೂರು ದಾರಿಗಳಿವೆ: ಹೊಸ ಮರ, ಅಲ್ಯೂಮಿನಿಯಂ, ಯುಪಿವಿಸಿ ಎಂಬ ಗಟ್ಟಿ ಪ್ಲಾಸ್ಟಿಕ್. ಒಳ್ಳೆಯ ಒಣಗಿದ ಮರ ದುಬಾರಿಯಾಗಿದೆ. ಹಸಿ ಮರದಲ್ಲಿ ಕೆಲಸ ಮಾಡಿ ಕೊಡುವವರೂ ಇದ್ದಾರೆ, ಅದು ಮೊದಲ ಬೇಸಗೆಯಲ್ಲಿಯೇ ಸೊಟ್ಟಗಾಗುತ್ತದೆ.

ಅಲ್ಯೂಮಿನಿಯಂ ಉಬ್ಬುವುದಿಲ್ಲ, ಗೆದ್ದಲು ಮುಟ್ಟುವುದಿಲ್ಲ, ಸಣ್ಣ ಚೌಕಟ್ಟಿನಲ್ಲಿಯೇ ದೊಡ್ಡ ಗಾಜನ್ನು ಹೊರುತ್ತದೆ. ಆದರೆ ಮೂಲೆಗಳನ್ನು ಸ್ಕ್ರೂ ಅಥವಾ ಕೊಂಡಿಗಳಿಂದ ಜೋಡಿಸುವುದರಿಂದ ಅಲ್ಲಿ ಸಂದಿ ಮುಚ್ಚುವ ಅಂಟು, ಅಂದರೆ ಸೀಲೆಂಟ್, ಸರಿಯಾಗಿ ತುಂಬದಿದ್ದರೆ ನೀರು ಜಿನುಗುತ್ತದೆ. ಯುಪಿವಿಸಿ ಚೌಕಟ್ಟಿನ ಮೂಲೆಗಳನ್ನು ಬಿಸಿಯಿಂದ ಬೆಸೆಯುತ್ತಾರೆ, ಹಾಗಾಗಿ ಮಳೆನಾಡಿಗೆ ಅದು ಒಂದು ಹೆಜ್ಜೆ ಮೇಲು. ಅದರ ಬಲ ಪ್ಲಾಸ್ಟಿಕ್ಕಿನಲ್ಲಿಲ್ಲ, ಒಳಗೆ ತೂರಿಸಿದ ಸತುಲೇಪಿತ ಉಕ್ಕಿನ ಪಟ್ಟಿಯಲ್ಲಿದೆ. ಅದನ್ನು ಎಲ್ಲೆಲ್ಲಿ ಹಾಕುತ್ತಾರೆ, ಎಷ್ಟು ದಪ್ಪದ್ದು ಎಂಬುದನ್ನು ದರಪಟ್ಟಿಯಲ್ಲಿ ಬರೆಸಿಕೊಳ್ಳಿ. ಅಂಗಡಿಯಲ್ಲಿಟ್ಟಿರುವ ಕತ್ತರಿಸಿದ ತುಂಡನ್ನು ಕೈಯಲ್ಲಿ ಹಿಡಿದು, ಅದರ ಗೋಡೆ ಎಷ್ಟು ದಪ್ಪವಿದೆ, ಒಳಗೆ ಎಷ್ಟು ಟೊಳ್ಳು ಕೋಣೆಗಳಿವೆ, ಉಕ್ಕು ಎಲ್ಲಿ ಕೂರುತ್ತದೆ ಎಂದು ನೋಡಿರಿ. ಮಾದರಿಯ ತುಂಡೂ ಮನೆಗೆ ಬರುವ ಮಾಲೂ ಒಂದೇ ಎಂದು ಬರವಣಿಗೆಯಲ್ಲಿ ಕೇಳುವುದರಲ್ಲಿ ಸಂಕೋಚ ಬೇಡ.

ಬಣ್ಣದ ವಿಷಯದಲ್ಲಿ ನನ್ನ ಮತ ಬಿಳಿಗೆ. ಮರದ ಬಣ್ಣದ ಪದರ ಅಂಟಿಸಿದ ಚೌಕಟ್ಟು ನೋಡಲು ಚೆಂದ, ಆದರೆ ದರ ಹೆಚ್ಚು, ಬಿಸಿಲಿಗೆ ಕಾಯುವುದೂ ಹೆಚ್ಚು.

ಜಾರುವ ಕಿಟಕಿಯೋ ತೆರೆಯುವ ಕಿಟಕಿಯೋ

ಇಡೀ ಲೆಕ್ಕಾಚಾರದಲ್ಲಿ ಹೆಚ್ಚು ಯೋಚಿಸಬೇಕಾದ ಜಾಗ ಇದು. ಜಾರುವ ಕಿಟಕಿಯಲ್ಲಿ ಕದಗಳು ಹಳಿಯ ಮೇಲೆ ಸರಾಗವಾಗಿ ಓಡಬೇಕಾದ್ದರಿಂದ ಸಂದಿಗಳನ್ನು ಬ್ರಷ್‌ನಂಥ ಉಣ್ಣೆಪಟ್ಟಿಯಿಂದ ಮುಚ್ಚಿರುತ್ತಾರೆ. ಧೂಳನ್ನು ತಡೆಯುವ ಆ ಪಟ್ಟಿ ಗಾಳಿಯ ಜೊತೆ ಬರುವ ನೀರನ್ನು ಪೂರ್ತಿ ತಡೆಯುವುದಿಲ್ಲ. ತಡೆಯದ ನೀರು ಕೆಳಗಿನ ಹಳಿಗೆ ಇಳಿದು, ಅಲ್ಲಿಂದ ಹೊರಮುಖದ ಸಣ್ಣ ರಂಧ್ರಗಳ ಮೂಲಕ ಆಚೆ ಹೋಗಬೇಕು ಎಂಬುದೇ ಅದರ ವಿನ್ಯಾಸ. ತೆರೆಯುವ ಕಿಟಕಿಯಲ್ಲಿ ಹಿಡಿಕೆ ತಿರುಗಿಸಿದಾಗ ಕದವು ರಬ್ಬರ್ ಪಟ್ಟಿಯ ಮೇಲೆ ಸುತ್ತಲೂ ಒತ್ತಿ ಕೂರುತ್ತದೆ. ಇರಚಲಿಗೂ ಸದ್ದಿಗೂ ಇದರ ಮುಂದೆ ಜಾರುವ ಕಿಟಕಿ ನಿಲ್ಲುವುದಿಲ್ಲ.

ನಮ್ಮ ಮನೆಯ ಮಹಡಿಯ ಪಶ್ಚಿಮದ ಕೋಣೆಗೆ ಕಡಿಮೆ ಖರ್ಚೆಂದು ಜಾರುವ ಕಿಟಕಿಯನ್ನೇ ಹಾಕಿಸಿದ್ದೆವು. ಅದೇ ವರ್ಷ ಆಶ್ಲೇಷಾ ಮಳೆಯ ಒಂದು ರಾತ್ರಿ ಹಾಸಿಗೆಯ ಅಂಚು ತೊಯ್ದು ಎಚ್ಚರವಾಯಿತು. ಬ್ಯಾಟರಿ ಹಾಕಿ ನೋಡಿದರೆ ಕೆಳಗಿನ ಹಳಿ ತೋಟದ ಕಪ್ಪಿನಂತೆ (ನೀರು ಬಸಿಯುವ ಕಾಲುವೆಯಂತೆ) ತುಂಬಿ ಒಳಗಿನ ಅಂಚಿನಿಂದ ಗೋಡೆಗುಂಟ ಹರಿಯುತ್ತಿತ್ತು. ಬೆಳಿಗ್ಗೆ ಏಣಿ ಹಾಕಿ ಹೊರಗಿನಿಂದ ಹುಡುಕಿದಾಗ ನೀರು ಹೋಗುವ ಮೂರು ರಂಧ್ರಗಳೂ ಸಿಮೆಂಟಿನಿಂದ ಮುಚ್ಚಿಹೋಗಿದ್ದವು. ಕಿಟಕಿ ಕೂರಿಸಿದ ಮೇಲೆ ಗಾರೆಯವರು ಅಂದ ಕಾಣಲಿ ಎಂದು ಚೌಕಟ್ಟಿನ ಅಂಚಿನವರೆಗೂ ನುಣ್ಣಗೆ ಗಾರೆ ಎಳೆದಿದ್ದರು. ಹಿಡಿಕಡ್ಡಿಯಿಂದ ಮೊದಲ ರಂಧ್ರವನ್ನು ಕೊರೆದು ಬಿಡಿಸಿದ ಕೂಡಲೇ ಹಳಿಯಲ್ಲಿ ನಿಂತಿದ್ದ ನೀರು ಪಿಚಕಾರಿಯಂತೆ ನನ್ನ ಮುಖಕ್ಕೆ ಚಿಮ್ಮಿತು. ಕೂರಿಸಿದವರು ಗಾರೆಯವರ ಮೇಲೆ, ಗಾರೆಯವರು ಕೂರಿಸಿದವರ ಮೇಲೆ ಹೇಳಿದರು. ಕೋಣೆಯ ಬಣ್ಣದ ಖರ್ಚು ನಮ್ಮ ಪಾಲಿಗೆ ಬಂತು.

ಆದ್ದರಿಂದ ಪಶ್ಚಿಮ ಮತ್ತು ದಕ್ಷಿಣದ ಗೋಡೆಗಳಿಗೆ ಹೊರಕ್ಕೆ ತೆರೆಯುವ ಕಿಟಕಿ, ಆಳವಾದ ಸಜ್ಜಾ ಅಥವಾ ಜಗಲಿಯ ನೆರಳಿರುವ ಕಡೆ ಜಾರುವ ಕಿಟಕಿ ಎಂದು ಹಂಚಿಕೊಂಡರೆ ಹಣವೂ ಉಳಿಯುತ್ತದೆ, ಕೋಣೆಯೂ ಒಣಗಿರುತ್ತದೆ. ಹೊರಕ್ಕೆ ತೆರೆಯುವ ಕಿಟಕಿಗೆ ಗ್ರಿಲ್ ನಡುವೆ, ಸೊಳ್ಳೆ ಜಾಲರಿ ಒಳಗೆ ಬರುತ್ತದೆ. ಕದ ಹಾಕಲು ಪ್ರತಿ ಸಲ ಜಾಲರಿ ಸರಿಸಿ ಸರಳುಗಳ ನಡುವೆ ಕೈ ಹಾಕಬೇಕಾಗುವುದರಿಂದ ಸರಳುಗಳ ಅಂತರ ಮತ್ತು ಹಿಡಿಕೆಯ ಜಾಗವನ್ನು ಮೊದಲೇ ಹೊಂದಿಸಿಕೊಳ್ಳಿ. ಮಂಗಗಳ ಹಾವಳಿ ಇರುವ ಊರಿನಲ್ಲಿ ಗ್ರಿಲ್ ಇಲ್ಲದ ಕಿಟಕಿಯ ಮಾತೇ ಬೇಡ. ಸಾದಾ ಕಬ್ಬಿಣದ ಗ್ರಿಲ್ ತುಕ್ಕು ಹಿಡಿದು ಹೊಸ ಬಿಳಿ ಚೌಕಟ್ಟಿನ ಮೇಲೆ ಕೆಂಪು ಗೆರೆ ಇಳಿಸುತ್ತದೆ, ಕೈಗೆಟುಕುವುದಾದರೆ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಸರಳುಗಳನ್ನೇ ಹಾಕಿಸಿ.

ಇನ್ನೊಂದು ಮಾತು. ರಬ್ಬರ್ ಪಟ್ಟಿಯ ಬಿಗಿ ಕಿಟಕಿಗಳನ್ನು ಎಲ್ಲ ಕೋಣೆಗೂ ಹಾಕಿ, ಗೋಡೆಯ ಮೇಲಿನ ಹಳೆಯ ಗವಾಕ್ಷಿಗಳನ್ನೂ ಮುಚ್ಚಿಸಿಬಿಟ್ಟರೆ ಮಳೆಗಾಲದಲ್ಲಿ ಬಟ್ಟೆಯ ಬೀರುವಿಗೆ ಬೂಷ್ಟು ಹಿಡಿಯುತ್ತದೆ. ಹೆಂಚಿನ ಮನೆ ಸಂದುಗಳಿಂದ ಉಸಿರಾಡುತ್ತಿತ್ತು, ತಾರಸಿ ಮನೆಗೆ ಆ ಅನುಕೂಲವಿಲ್ಲ. ಪ್ರತಿ ಕೋಣೆಯಲ್ಲಿಯೂ ಮಳೆ ಬಡಿಯದ ದಿಕ್ಕಿಗೆ ಒಂದು ಸಣ್ಣ ತೆರಪು ಇರಲಿ.

ಗಾಜು: ಎಲ್ಲಿ ಒಂದು, ಎಲ್ಲಿ ಎರಡು

ಜೋಡಿಗಾಜಿನ ಘಟಕವೆಂದರೆ ಎರಡು ಗಾಜುಗಳು, ಅವುಗಳ ನಡುವೆ ಸುತ್ತಲೂ ಒಂದು ಅಂತರಪಟ್ಟಿ, ಆ ಪಟ್ಟಿಯೊಳಗೆ ತೇವ ಹೀರುವ ಸಣ್ಣ ಕಾಳುಗಳು, ಅಂಚಿಗೆ ಎರಡು ಪದರದ ಸೀಲ್. 5 ಮಿ.ಮೀ. ಗಾಜು, 12 ಮಿ.ಮೀ. ಗಾಳಿ, ಮತ್ತೆ 5 ಮಿ.ಮೀ. ಗಾಜು ಎಂಬುದು ಸಾಮಾನ್ಯವಾಗಿ ಸಿಗುವ ಜೋಡಣೆ. ಗಾಜಿನ ತೂಕ ಪ್ರತಿ ಮಿ.ಮೀ. ದಪ್ಪಕ್ಕೆ ಚದರ ಮೀಟರಿಗೆ 2.5 ಕೆ.ಜಿ. ಆಗುವುದರಿಂದ 5 ಮಿ.ಮೀ. ಒಂಟಿಗಾಜು 12.5 ಕೆ.ಜಿ. ತೂಗಿದರೆ ಈ ಜೋಡಣೆ 25 ಕೆ.ಜಿ. ತೂಗುತ್ತದೆ. ಕೀಲುಗಳು ಅದಕ್ಕೆ ತಕ್ಕಂತಿರಬೇಕು. ಹಳೆಯ ಮರದ ಕದಕ್ಕೆ ಜೋಡಿಗಾಜು ಕೂರಿಸುತ್ತೇವೆ ಎನ್ನುವವರನ್ನು ಕೀಲಿನ ಬಗ್ಗೆ ಮೊದಲು ಕೇಳಿರಿ.

ಸೆಕೆಗೆ ಇದು ಎಷ್ಟು ನೆರವಾಗುತ್ತದೆ ಎಂಬುದನ್ನು ಲೆಕ್ಕ ಹಾಕಿಯೇ ನೋಡೋಣ. ಒಳಗೂ ಹೊರಗೂ ಒಂದು ಡಿಗ್ರಿ ವ್ಯತ್ಯಾಸವಿದ್ದರೆ ಒಂಟಿಗಾಜಿನ ಒಂದು ಚದರ ಮೀಟರಿನ ಮೂಲಕ ಸುಮಾರು 5.7 ವಾಟ್ ಶಾಖ ಹಾಯುತ್ತದೆ, ಸಾದಾ ಜೋಡಿಗಾಜಿನ ಮೂಲಕ ಸುಮಾರು 2.8 ವಾಟ್. ಹೊರಗೆ 38 ಡಿಗ್ರಿ, ಎ.ಸಿ. ಕೋಣೆಯೊಳಗೆ 25 ಡಿಗ್ರಿ, ಕಿಟಕಿಯ ಗಾಜು ಒಂದೂವರೆ ಚದರ ಮೀಟರ್ ಎಂದಿಟ್ಟುಕೊಂಡರೆ ಒಂಟಿಗಾಜಿನಿಂದ 111 ವಾಟ್, ಜೋಡಿಗಾಜಿನಿಂದ 55 ವಾಟ್ ಒಳಗೆ ಬರುತ್ತದೆ. ಉಳಿತಾಯ 56 ವಾಟ್. ಅಷ್ಟು ಶಾಖವನ್ನು ಹೊರಹಾಕಲು ಎ.ಸಿ. ಅದರ ಮೂರನೇ ಒಂದು ಪಾಲಿನಷ್ಟು, ಅಂದರೆ ಸುಮಾರು 19 ವಾಟ್ ವಿದ್ಯುತ್ ತಿನ್ನುತ್ತದೆ ಎಂದುಕೊಳ್ಳಿ. ದಿನಕ್ಕೆ 8 ಗಂಟೆಯಂತೆ 90 ದಿನ ನಡೆಸಿದರೂ 14 ಯೂನಿಟ್ ಮುಟ್ಟುವುದಿಲ್ಲ. ಯೂನಿಟ್ಟಿಗೆ 7 ರೂಪಾಯಿ ಹಿಡಿದರೆ ಇಡೀ ಬೇಸಗೆಗೆ ಒಂದು ಕಿಟಕಿಯಿಂದ ನೂರು ರೂಪಾಯಿಯೂ ಉಳಿಯುವುದಿಲ್ಲ. ರಾತ್ರಿ ಮಾತ್ರ ಎ.ಸಿ. ಹಾಕುವವರಿಗೆ ಅದೂ ಇಲ್ಲ, ಏಕೆಂದರೆ ನಮ್ಮಲ್ಲಿ ರಾತ್ರಿಯ ಹೊತ್ತಿಗೆ ಹೊರಗೂ ತಂಪಾಗಿರುತ್ತದೆ. ವಿದ್ಯುತ್ ಬಿಲ್ಲಿನ ಉಳಿತಾಯದಲ್ಲಿಯೇ ಜೋಡಿಗಾಜಿನ ಬೆಲೆ ವಾಪಸು ಬರುತ್ತದೆ ಎಂಬ ಮಾತು ಶಿವಮೊಗ್ಗದ ಸಾಮಾನ್ಯ ಮನೆಗೆ ಹೊಂದುವುದಿಲ್ಲ ಎಂದು ನಾನು ಹೇಳುವುದು ಈ ಲೆಕ್ಕದ ಮೇಲೆ. ಮಧ್ಯಾಹ್ನದ ನೇರ ಬಿಸಿಲು ಗಾಜಿನ ಮೇಲೆ ಬಿದ್ದರೆ ಚದರ ಮೀಟರಿಗೆ ನೂರಾರು ವಾಟ್ ಒಳಗೆ ಬರುತ್ತದೆ. ತಿಳಿಗಾಜು ಒಂದಿದ್ದರೂ ಎರಡಿದ್ದರೂ ಅದರ ಬಹುಪಾಲು ಹಾಯುತ್ತದೆ. ಅದನ್ನು ಹೊರಗೇ ತಡೆಯಲು ಸಜ್ಜಾ, ಬಿದಿರಿನ ಪರದೆ, ಇಲ್ಲವೇ ಒಂದು ಬಳ್ಳಿ ಚಪ್ಪರ ಸಾಕು.

ಸದ್ದಿನ ವಿಷಯದಲ್ಲಿ ಜೋಡಿಗಾಜಿಗೆ ನಿಜವಾದ ಕೆಲಸವಿದೆ, ಆದರೆ ಇಲ್ಲಿಯೂ ಒಂದು ಸೂಕ್ಷ್ಮವಿದೆ. ಎರಡೂ ಗಾಜುಗಳು ಒಂದೇ ದಪ್ಪದ್ದಾಗಿದ್ದರೆ ಎರಡೂ ಒಂದೇ ಸ್ವರಕ್ಕೆ ಕಂಪಿಸಿ, ಆ ಸ್ವರದ ಸದ್ದನ್ನು ಸುಲಭವಾಗಿ ಒಳಬಿಡುತ್ತವೆ. ರಸ್ತೆ ಬದಿಯ ಮಲಗುವ ಕೋಣೆಗೆ ಒಂದು ಗಾಜು 5, ಇನ್ನೊಂದು 8 ಮಿ.ಮೀ. ಎಂದು ಬೇರೆ ಬೇರೆ ದಪ್ಪ ಕೇಳಿರಿ. ಅಥವಾ ಒಂದನ್ನು ನಡುವೆ ಪ್ಲಾಸ್ಟಿಕ್ ಪದರವಿರುವ ಲ್ಯಾಮಿನೇಟೆಡ್ ಗಾಜು ಮಾಡಿಸಿ. ಹಳೆಯ ಮರದ ಕಿಟಕಿ ಚೆನ್ನಾಗಿದ್ದು ಸದ್ದೊಂದೇ ತೊಂದರೆಯಾಗಿದ್ದರೆ, ಅದನ್ನು ಹಾಗೆಯೇ ಬಿಟ್ಟು ಗೋಡೆಯ ಒಳಮುಖಕ್ಕೆ ಇನ್ನೊಂದು ಬಿಗಿ ಗಾಜಿನ ಕಿಟಕಿ ಹಾಕಿಸುವುದು ಇನ್ನೂ ಒಳ್ಳೆಯದು. ಎರಡರ ನಡುವೆ 100 ಮಿ.ಮೀ. ಅಂತರ ಸಿಕ್ಕಿದರೆ 12 ಮಿ.ಮೀ. ಅಂತರದ ಜೋಡಿಗಾಜಿಗಿಂತ ಹೆಚ್ಚು ಸದ್ದು ತಡೆಯುತ್ತದೆ. ನಮ್ಮ ಹಳೆಯ ಮನೆಗಳ ದಪ್ಪ ಗೋಡೆಗಳಲ್ಲಿ ಇಷ್ಟು ಜಾಗಕ್ಕೆ ಬರವಿಲ್ಲ.

ಜೋಡಿಗಾಜನ್ನು ಮಲೆನಾಡಿನಲ್ಲಿ ಕೊಲ್ಲುವುದು ಮತ್ತೆ ನೀರೇ. ಗಾಜು ಕೂರುವ ಗಾಡಿಯಲ್ಲಿ ನೀರು ನಿಂತರೆ ಅಂಚಿನ ಸೀಲ್ ತಿಂಗಳುಗಟ್ಟಲೆ ತೇವದಲ್ಲಿ ಮುಳುಗಿ ಸಡಿಲವಾಗುತ್ತದೆ, ಒಳಗಿನ ಕಾಳುಗಳು ತೇವ ಹೀರಿ ಹೀರಿ ಸಾಕಾಗುತ್ತವೆ, ಆಮೇಲೆ ಎರಡು ಗಾಜುಗಳ ನಡುವೆ ಒರೆಸಲಾಗದ ಮಂಜು ಕೂರುತ್ತದೆ. ಅದಕ್ಕೆ ರಿಪೇರಿಯಿಲ್ಲ, ಘಟಕವನ್ನೇ ಬದಲಿಸಬೇಕು. ಗಾಜು ನೇರವಾಗಿ ಚೌಕಟ್ಟಿನ ಮೇಲೆ ಕೂರದೆ ಸಣ್ಣ ಪ್ಲಾಸ್ಟಿಕ್ ಬಿಲ್ಲೆಗಳ ಮೇಲೆ ಕೂರಬೇಕು, ಆ ಗಾಡಿಗೂ ನೀರು ಹೋಗುವ ರಂಧ್ರವಿರಬೇಕು. ಒಳಮಂಜಿಗೆ ಎಷ್ಟು ವರ್ಷದ ಖಾತರಿ ಎಂಬುದನ್ನು ಪ್ರತ್ಯೇಕವಾಗಿ ಬರೆಸಿಕೊಳ್ಳಿ. ಚೌಕಟ್ಟಿನ ಖಾತರಿಯೇ ಬೇರೆ, ಗಾಜಿನದೇ ಬೇರೆ.

ನೆಲದ ಹತ್ತಿರದವರೆಗೂ ಇಳಿಯುವ ದೊಡ್ಡ ಗಾಜಿಗೆ ಟಫನ್ ಮಾಡಿದ್ದನ್ನೇ, ಅಂದರೆ ಕಾಯಿಸಿ ಗಟ್ಟಿಗೊಳಿಸಿದ್ದನ್ನೇ ಹಾಕಿಸಿ, ಸುರಕ್ಷತಾ ಗಾಜಿನ ಭಾರತೀಯ ಮಾನಕವಾದ ಐಎಸ್ 2553 ಗುರುತನ್ನು ನೋಡಿ ತೆಗೆದುಕೊಳ್ಳಿ. ಟಫನ್ ಆದ ಮೇಲೆ ಗಾಜನ್ನು ಕತ್ತರಿಸಲು ಬರುವುದಿಲ್ಲ, ಆದ್ದರಿಂದ ಅಳತೆ ತಪ್ಪಿದರೆ ಹಣ ಹೋದಂತೆಯೇ.

ಅಳತೆ, ದರಪಟ್ಟಿ ಮತ್ತು ಬಜೆಟ್

ಕಿಟಕಿಯ ಅಗಲವನ್ನು ಮೇಲೆ, ನಡುವೆ, ಕೆಳಗೆ ಮೂರು ಕಡೆ, ಎತ್ತರವನ್ನೂ ಹಾಗೆಯೇ ಮೂರು ಕಡೆ ಅಳೆದು ಕಡಿಮೆ ಬಂದದ್ದನ್ನು ಹಿಡಿಯಬೇಕು. ಮೂಲೆಯಿಂದ ಮೂಲೆಗೆ ಎರಡು ಕರ್ಣಗಳನ್ನೂ ಅಳೆದರೆ ಗೋಡೆ ಎಷ್ಟು ಸೊಟ್ಟವಿದೆ ಎಂಬುದು ಗೊತ್ತಾಗುತ್ತದೆ. ಕೊನೆಯ ಅಳತೆಯನ್ನು ಮಾರುವವರೇ ಬಂದು ತೆಗೆದುಕೊಂಡು ಸಹಿ ಹಾಕಲಿ, ನಿಮ್ಮ ಅಳತೆ ತಾಳೆ ನೋಡುವುದಕ್ಕೆ ಮಾತ್ರ.

ಕನಿಷ್ಠ ಮೂರು ದರಪಟ್ಟಿ ತರಿಸಿ. ಚದರಡಿಗೆ ಇಷ್ಟು ಎಂಬ ಒಂದೇ ಸಾಲಿನ ದರದಿಂದ ಏನೂ ತಿಳಿಯುವುದಿಲ್ಲ. ಪ್ರತಿ ಕಿಟಕಿಯ ಚಿತ್ರ, ಅದು ಒಳಗಿನಿಂದ ಕಂಡದ್ದೋ ಹೊರಗಿನಿಂದ ಕಂಡದ್ದೋ ಎಂಬ ಸೂಚನೆ, ಎಷ್ಟು ಕದ ತೆರೆಯುತ್ತವೆ, ಗಾಜಿನ ದಪ್ಪ, ಉಕ್ಕಿನ ದಪ್ಪ, ಜಾಲರಿ ಸೇರಿದೆಯೇ, ಸಾಗಣೆ, ಹಳೆಯದನ್ನು ಕೀಳುವ ಕೂಲಿ, ಜಿಎಸ್‌ಟಿ ಇವೆಲ್ಲ ಬೇರೆ ಬೇರೆ ಸಾಲಾಗಿ ಬರಬೇಕು. ಸಣ್ಣ ಗವಾಕ್ಷಿಗೆ ಇಂತಿಷ್ಟು ಚದರಡಿ ಎಂದು ಕನಿಷ್ಠ ದರ ಹಾಕುವ ವಾಡಿಕೆಯೂ ಇದೆ, ಕೇಳಿಕೊಳ್ಳಿ.

ಲೆಕ್ಕದ ದಾರಿ ತೋರಿಸಲು ಒಂದು ಮಾದರಿ. ಇಲ್ಲಿಯ ದರಗಳು ಕೂಡಿಸಿ ಕಳೆಯುವ ಅನುಕೂಲಕ್ಕೆ ನಾನು ಇಟ್ಟುಕೊಂಡವು, ಆ ಜಾಗದಲ್ಲಿ ನಿಮಗೆ ಬಂದ ದರಪಟ್ಟಿಯ ಅಂಕಿ ತುಂಬಿಕೊಳ್ಳಿ. ನಾಲ್ಕಡಿ ಚೌಕದ 6 ಕಿಟಕಿ, ಮೂರಡಿ ಅಗಲ ನಾಲ್ಕಡಿ ಎತ್ತರದ 2 ಕಿಟಕಿ, ಎರಡಡಿ ಚೌಕದ 1 ಗವಾಕ್ಷಿ ಸೇರಿ ಒಟ್ಟು 124 ಚದರಡಿ. ಒಂಟಿಗಾಜಿನ ಕಿಟಕಿ ಚದರಡಿಗೆ 700 ರೂಪಾಯಿಯಂತೆ 86,800 ರೂಪಾಯಿ. ಜೋಡಿಗಾಜಿಗೆ ಚದರಡಿಗೆ 300 ರೂಪಾಯಿ ಹೆಚ್ಚು ಎಂದರೆ ಎಲ್ಲ ಕಿಟಕಿಗೂ 37,200. ರಸ್ತೆ ಬದಿಯ ಎರಡಕ್ಕೆ ಮಾತ್ರವಾದರೆ 9,600. ಎರಡಕ್ಕೆ ಮಾತ್ರ ಎಂದು ತೀರ್ಮಾನಿಸಿದರೆ ಮೊತ್ತ 96,400; ಅದರ ಮೇಲೆ 18 ಶೇಕಡಾ ಜಿಎಸ್‌ಟಿ 17,352 ಸೇರಿ 1,13,752 ರೂಪಾಯಿ. ಗಾರೆ, ಕಿಟಕಿ ಕಟ್ಟೆಯ ಕಲ್ಲು, ಬಣ್ಣ ಇವಕ್ಕೆ ಕಿಟಕಿಗೆ 2,500ರಂತೆ 22,500; ಗ್ರಿಲ್ಲಿಗೆ 30,000; ಜಾಲರಿಗೆ 18,000. ಈಗ 1,84,252 ಆಯಿತು. ಗೋಡೆ ಒಡೆದ ಮೇಲೆ ಕಾಣುವ ಅನಿರೀಕ್ಷಿತಗಳಿಗೆ ಹತ್ತನೇ ಒಂದು ಪಾಲು ಇಟ್ಟರೆ ಎರಡು ಲಕ್ಷ ದಾಟುತ್ತದೆ. ದರಪಟ್ಟಿಯ ಮೊದಲ ಸಾಲಿನಲ್ಲಿ 86,800 ನೋಡಿ ಸಾಲಕ್ಕೆ ಅರ್ಜಿ ಹಾಕಿದವರು ಎಡವುವುದು ಇಲ್ಲಿಯೇ.

ಮಾದರಿಯಲ್ಲಿ ಎಲ್ಲ ಕಡೆ ಜೋಡಿಗಾಜು ಬೇಡವೆಂದದ್ದರಿಂದ ತೆರಿಗೆ ಬಿಟ್ಟು 27,600 ರೂಪಾಯಿ ಉಳಿಯಿತು. ಆ ಹಣ ಪಶ್ಚಿಮದ ಗೋಡೆಯ ಸಜ್ಜಾಕ್ಕೆ ಇನ್ನೊಂದೂವರೆ ಅಡಿ ಶೀಟಿನ ಚಾಚು ಕೊಡಿಸಲು ಹೋಗಲಿ. ಒಟ್ಟಿಗೆ ಅಷ್ಟು ಹಣ ಇಲ್ಲದವರು ಈ ವರ್ಷ ಮಳೆ ಬಡಿಯುವ ದಿಕ್ಕಿನದು, ಮುಂದಿನ ವರ್ಷ ಉಳಿದದ್ದು ಎಂದು ಎರಡು ಕಂತಿನಲ್ಲಿ ಮಾಡಿಸಬಹುದು.

ಮುಂಗಡ ಅರ್ಧಕ್ಕಿಂತ ಹೆಚ್ಚು ಕೊಡಬೇಡಿ. ಹತ್ತನೇ ಒಂದು ಪಾಲನ್ನು ನೀರಿನ ಪರೀಕ್ಷೆ ಮುಗಿಯುವವರೆಗೆ ಹಿಡಿದಿಡುವ ಷರತ್ತನ್ನು ಮೊದಲೇ ಬರೆಸಿ, ಜಿಎಸ್‌ಟಿ ಬಿಲ್ಲನ್ನು ತಪ್ಪದೆ ಪಡೆಯಿರಿ. ಬಿಲ್ಲಿಲ್ಲದೆ ಕಡಿಮೆ ಮಾಡಿಕೊಡುತ್ತೇವೆ ಎಂಬ ಮಾತಿಗೆ ಒಪ್ಪಿದರೆ ಖಾತರಿ ಕೇಳಲು ಕೈಯಲ್ಲಿ ಏನೂ ಉಳಿಯುವುದಿಲ್ಲ. ತಕರಾರಾದರೆ 1915 ಗ್ರಾಹಕ ಸಹಾಯವಾಣಿಯಿದೆ. ಜಿಲ್ಲಾ ಗ್ರಾಹಕ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬಹುದು.

ಕೂರಿಸುವ ದಿನ

ದೀಪಾವಳಿ ಕಳೆದ ಮೇಲಿಂದ ಮಾರ್ಚ್ ಕೊನೆಯವರೆಗಿನ ಕಾಲ ಇದಕ್ಕೆ ಸರಿ. ಗೋಡೆ ಒಣಗಿರುತ್ತದೆ, ಸೀಲೆಂಟ್ ಚೆನ್ನಾಗಿ ಹಿಡಿಯುತ್ತದೆ. ಏಪ್ರಿಲ್ ಕೊನೆಗೆ ಆರ್ಡರ್ ಕೊಟ್ಟು ಮೃಗಶಿರಾ ಮಳೆಯ ಹೊತ್ತಿಗೆ ಗೋಡೆಯಲ್ಲಿ ತೂತು ಬಿಟ್ಟುಕೊಂಡು ಟಾರ್ಪಾಲು ಕಟ್ಟಿದ ಮನೆಗಳನ್ನು ನೋಡಿದ್ದೇನೆ.

ಜಂಬಿಟ್ಟಿಗೆ ಗೋಡೆಯಾದರೆ ಒಂದು ಎಚ್ಚರಿಕೆ ಬೇಕು. ಆ ಕಲ್ಲು ಮೃದು, ಅಂಚಿಗೆ ಹತ್ತಿರ ಉಬ್ಬುವ ಕಬ್ಬಿಣದ ಬೋಲ್ಟ್ ಹಾಕಿದರೆ ಒಡೆದು ಬರುತ್ತದೆ. ತೆರಪಿನ ಸುತ್ತ ಮೊದಲು ಕಾಂಕ್ರೀಟಿನ ಪಟ್ಟಿ ಮಾಡಿಸಿ, ಅದು ಗಟ್ಟಿಯಾದ ಮೇಲೆ ಉದ್ದನೆಯ ನೈಲಾನ್ ಪ್ಲಗ್ಗಿನ ಸ್ಕ್ರೂ ಹಾಕಿಸಬೇಕು. ಮೂಲೆಯಿಂದ ಸುಮಾರು ಅರ್ಧ ಅಡಿಗೆ ಮೊದಲ ಸ್ಕ್ರೂ, ಅಲ್ಲಿಂದ ಎರಡಡಿಗೆ ಮೀರದ ಅಂತರದಲ್ಲಿ ಉಳಿದವು. ಚೌಕಟ್ಟು ಮತ್ತು ಗೋಡೆಯ ನಡುವೆ ಸುತ್ತಲೂ 5ರಿಂದ 10 ಮಿ.ಮೀ. ಸಂದು ಇರಲಿ. ಆ ಸಂದಿಗೆ ತುಂಬುವ ಹಳದಿ ಫೋಮ್ ನೀರು ತಡೆಯುವ ವಸ್ತುವಲ್ಲ, ಬಿಸಿಲಿಗೆ ಪುಡಿಯಾಗುತ್ತದೆ. ಹೆಚ್ಚಾದದ್ದನ್ನು ಕೊಯ್ದು ಹೊರಗಿನಿಂದ ಸಿಲಿಕೋನ್ ಎಳೆಯಲೇಬೇಕು. ಸಿಲಿಕೋನ್ ಟ್ಯೂಬು ಬಿಚ್ಚಿದ ಕೂಡಲೇ ವಿನಿಗರಿನ ಹುಳಿ ವಾಸನೆ ಮೂಗಿಗೆ ಹೊಡೆದರೆ ಕೆಲಸ ನಿಲ್ಲಿಸಿ. ಅದು ಆಮ್ಲ ಬಿಡುವ ಬಗೆ, ಸಿಮೆಂಟಿಗೆ ಸರಿಯಾಗಿ ಅಂಟುವುದಿಲ್ಲ. ನ್ಯೂಟ್ರಲ್ ಎಂದು ಬರೆದದ್ದನ್ನು ತರಿಸಿ.

ಕಿಟಕಿ ಕಟ್ಟೆಯ ಕಲ್ಲು ಹೊರಕ್ಕೆ ಇಳಿಜಾರಾಗಿರಬೇಕು, ಗೋಡೆಗಿಂತ ಒಂದೆರಡು ಇಂಚು ಮುಂದಕ್ಕೆ ಬರಬೇಕು, ಮುಂದೆ ಬಂದ ಭಾಗದ ಅಡಿಯಲ್ಲಿ ಒಂದು ಗೆರೆ ಕೊರೆದಿರಬೇಕು. ಆ ಗೆರೆ ಇಲ್ಲದಿದ್ದರೆ ನೀರು ಕಲ್ಲಿನ ಅಡಿಗುಂಟ ತಿರುಗಿ ಮತ್ತೆ ಗೋಡೆಗೇ ಬರುತ್ತದೆ. ಗಾರೆಯವರಿಗೆ ರಂಧ್ರಗಳನ್ನು ತೋರಿಸಿ, ಗಾರೆ ಎಳೆಯುವ ಮೊದಲು ಅವುಗಳ ಮೇಲೆ ನೀವೇ ಕೈಯಾರೆ ಟೇಪು ಅಂಟಿಸಿ, ಕೆಲಸ ಮುಗಿದ ಮೇಲೆ ನೀವೇ ಕೀಳಿರಿ.

ನೀರು ಹಾಕಿ ನೋಡುವುದು

ಸಿಲಿಕೋನ್ ಒಣಗಲು ಎರಡು ದಿನ ಬಿಟ್ಟು, ಕೂರಿಸಿದವರು ಇರುವಾಗಲೇ ತೋಟದ ಪೈಪಿನಿಂದ ಹೊರಗಿನಿಂದ ನೀರು ಹೊಡೆಯಿರಿ: ಮೊದಲು ಕೆಳಗಿನ ಅಂಚಿಗೆ, ಆಮೇಲೆ ಪಕ್ಕಗಳಿಗೆ, ಕೊನೆಗೆ ಮೇಲೆ, ಒಂದೊಂದು ಕಡೆ ಐದೈದು ನಿಮಿಷ. ಕೆಳಗಿನಿಂದ ಮೇಲಕ್ಕೆ ಹೋದರೆ ಸೋರಿದ ಜಾಗ ಯಾವುದೆಂದು ಗೊಂದಲವಾಗುವುದಿಲ್ಲ. ಒಳಗೆ ಇನ್ನೊಬ್ಬರು ಒಣಗಿದ ಹಳೆಯ ಪತ್ರಿಕೆಯನ್ನು ಕಟ್ಟೆಯ ಮೇಲೆ ಹಾಸಿ ಕುಳಿತಿರಲಿ, ಒಂದು ಹನಿ ಬಿದ್ದರೂ ಕಾಗದದ ಮೇಲೆ ಕಾಣುತ್ತದೆ. ಜಾರುವ ಕಿಟಕಿಯಾದರೆ ಹಳಿಗೆ ಒಂದು ಚೊಂಬು ನೀರು ಸುರಿದು, ಹೊರಗಿನ ಎಲ್ಲ ರಂಧ್ರಗಳಿಂದಲೂ ಅದು ಇಳಿಯುತ್ತದೆಯೇ ಎಂದು ಎಣಿಸಿ ನೋಡಿ. ಬಾಕಿ ಹಣ ಕೊಡುವುದು ಇದಾದ ಮೇಲೆ.

ಆಮೇಲಿನ ಆರೈಕೆ ದೊಡ್ಡದೇನಲ್ಲ. ರಬ್ಬರ್ ಪಟ್ಟಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಕೀಲಿಗೆ ವರ್ಷಕ್ಕೊಮ್ಮೆ ಎಣ್ಣೆ ಬಿಟ್ಟು, ರೋಹಿಣಿ ಮಳೆಗೆ ಮೊದಲು ಹಿಡಿಕಡ್ಡಿ ಹಿಡಿದು ಏಣಿ ಹತ್ತಿ ರಂಧ್ರಗಳನ್ನು ಒಂದೊಂದಾಗಿ ಬಿಡಿಸಿ. ಕಣಜದ ಮಣ್ಣಿನ ಗೂಡು, ಜೇಡನ ಬಲೆ, ಗಾಳಿಗೆ ಬಂದ ಎಲೆಚೂರು ಅವುಗಳಲ್ಲಿ ಪ್ರತಿ ವರ್ಷ ಸಿಕ್ಕೇ ಸಿಗುತ್ತವೆ. ಮುಖವನ್ನು ಮಾತ್ರ ಸ್ವಲ್ಪ ಪಕ್ಕಕ್ಕೆ ಹಿಡಿದುಕೊಂಡಿರಿ.